ಕೆಮಿಕಲ್ ಎಂಜಿನಿಯರಿಂಗ್ ಅಂದ್ರೆ ಬರೀ ಕೆಮಿಸ್ಟ್ರಿ ಅಲ್ಲ: ಸೀಟು ತಗೊಳ್ಳೋ ಮುಂಚೆ ಇದನ್ನ ಓದಿ

ಕೊಪ್ಪಳ: ಪಿಯುಸಿ ಕೆಮಿಸ್ಟ್ರಿಯಲ್ಲಿ ಒಳ್ಳೆ ಮಾರ್ಕ್ಸ್ ಬಂದಿವೆ ಅಂತ ಕೆಮಿಕಲ್ ಎಂಜಿನಿಯರಿಂಗ್ ಸೇರುವವರು ಒಂದು ಮಾತು ತಿಳ್ಕೋಬೇಕು. ನಾಲ್ಕು ವರ್ಷದ ಈ ಕೋರ್ಸ್‌ನಲ್ಲಿ ಗಣಿತ, ಭೌತಶಾಸ್ತ್ರದ್ದೇ ಹೆಚ್ಚು ಕೆಲಸ.

ಲ್ಯಾಬ್‌ನ ಬೀಕರ್‌ನಲ್ಲಿ ಆಗೋದನ್ನು ಕಾರ್ಖಾನೆಯಲ್ಲಿ ಟನ್‌ಗಟ್ಟಲೆ ಮಾಡೋದು ಹೇಗೆ ಎಂಬುದೇ ಇಲ್ಲಿನ ಓದು. ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂಬ 'ಮಾಸ್ ಬ್ಯಾಲೆನ್ಸ್' ಲೆಕ್ಕವೇ ಅಡಿಪಾಯ. ಗಿಣಿಗೇರಾ ಸುತ್ತಲಿನ ಸ್ಪಾಂಜ್ ಐರನ್ ಕಾರ್ಖಾನೆ ನೋಡಿ: ಅದಿರು, ಕಲ್ಲಿದ್ದಲು ಒಳಗೆ, ಕಬ್ಬಿಣ, ಅನಿಲ, ದೂಳು ಹೊರಗೆ. ಮನೆ ಮಾಳಿಗೆ ಮೇಲೆ ಬೀಳುವ ಕರಿ ದೂಳೂ ಇದೇ ಲೆಕ್ಕಕ್ಕೆ ಸೇರಿದ್ದು. ಅದನ್ನು ಚಿಮಣಿಗೂ ಮೊದಲೇ ಹಿಡಿಯೋದು ಹೇಗೆ ಅಂತಲೂ ಕಲಿಸ್ತಾರೆ.

ಸೀಟು ಸಿಇಟಿ ಮೂಲಕ. ದಾವಣಗೆರೆಯ ಬಿಐಇಟಿ, ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಈ ವಿಭಾಗವಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದವರು 371(ಜೆ) ಪ್ರಮಾಣಪತ್ರ ಮೊದಲೇ ಮಾಡಿಸಿಡಿ. ಕಲ್ಯಾಣ ಕರ್ನಾಟಕದ ಹೊರಗೂ ಸರ್ಕಾರಿ ಸೀಟುಗಳಲ್ಲಿ ಶೇ 8 ಮೀಸಲಾತಿ ಇದೆ.