ಕಟ್ಟುವ ಮೊದಲೇ ಕೂಡಿಸಿ ನೋಡುವ ವಿದ್ಯೆ

ದೊಡ್ಡದೊಂದು ಕಟ್ಟಡದ ನಕ್ಷೆಯು ಇಂದು ಒಬ್ಬರ ಕೈಯಿಂದ ಹೊರಡುವುದಿಲ್ಲ. ಕೋಣೆ, ಬಾಗಿಲು, ಮೆಟ್ಟಿಲುಗಳ ಏರ್ಪಾಟನ್ನು ವಾಸ್ತುಶಿಲ್ಪಿಗಳು ಬರೆಯುತ್ತಾರೆ. ಕಂಬ, ತೊಲೆ, ಅಡಿಪಾಯಗಳು ಎಷ್ಟು ದಪ್ಪವಿರಬೇಕೆಂಬುದನ್ನು ರಚನಾ ಎಂಜಿನಿಯರರು ಲೆಕ್ಕಹಾಕಿ ಬೇರೊಂದು ನಕ್ಷೆಯನ್ನು ಸಿದ್ಧಪಡಿಸುತ್ತಾರೆ. ನೀರು, ವಿದ್ಯುತ್ತು, ಗಾಳಿ ಇವುಗಳಿಗೆ ಮತ್ತೆ ಬೇರೆ ಬೇರೆ ನಕ್ಷೆಗಳು. ಬರೆದವರು ಬೇರೆ ಬೇರೆ ಊರುಗಳಲ್ಲಿರಬಹುದು. ಒಬ್ಬರ ಮುಖವನ್ನೊಬ್ಬರು ಕಂಡಿಲ್ಲದೆಯೂ ಇರಬಹುದು. ಆದರೆ ಅವರೆಲ್ಲರ ಗೆರೆಗಳೂ ಕೊನೆಗೆ ಒಂದೇ ನಿವೇಶನದಲ್ಲಿ ಇಟ್ಟಿಗೆ, ಸಿಮೆಂಟು, ಉಕ್ಕುಗಳಾಗಿ ಕೂಡಬೇಕು. ಕೂಡದೆ ಹೋದರೆ ಏನಾಗುವುದೆಂಬುದನ್ನು ಒಂದು ಸರಳವಾದ ಉದಾಹರಣೆಯಿಂದ ತಿಳಿಯೋಣ.

ಜಮಖಂಡಿಯಲ್ಲಿ ಒಂದು ಆಸ್ಪತ್ರೆಯನ್ನು ಕಟ್ಟುತ್ತಿದ್ದಾರೆಂದು ಭಾವಿಸಿರಿ. ಒಂದು ಅಂತಸ್ತಿನ ನೆಲದಿಂದ ಮೇಲಿನ ಅಂತಸ್ತಿನ ನೆಲಕ್ಕೆ 3,600 ಮಿಲಿಮೀಟರು ಎತ್ತರ. ಮೇಲಿನ ಸ್ಲ್ಯಾಬೂ ಸೇರಿದಂತೆ ತೊಲೆಯ ಆಳ 600 ಮಿ.ಮೀ. ಆದುದರಿಂದ ತೊಲೆಯ ಕೆಳಮೈ ನೆಲದಿಂದ 3,000 ಮಿ.ಮೀ. ಎತ್ತರದಲ್ಲಿರುತ್ತದೆ. ಶಸ್ತ್ರಚಿಕಿತ್ಸೆಯ ಕೋಣೆಗೆ ಶುದ್ಧಗಾಳಿಯನ್ನು ಒಯ್ಯುವ ಕೊಳವೆಯ ಎತ್ತರ 400 ಮಿ.ಮೀ. ಅದನ್ನು ತೊಲೆಯ ಕೆಳಗೆ ತಾಗಿಸಿಯೇ ಕೂರಿಸಿದರೂ ಅದರ ತಳವು 2,600 ಮಿ.ಮೀ.ಗೆ ಬಂದು ನಿಲ್ಲುತ್ತದೆ. ವಾಸ್ತುಶಿಲ್ಪಿಯ ನಕ್ಷೆಯಲ್ಲಾದರೋ ಕೆಳಛಾವಣಿಯು 2,700 ಮಿ.ಮೀ. ಎತ್ತರದಲ್ಲಿದೆ! ಮೂರು ನಕ್ಷೆಗಳೂ ತಮ್ಮತಮ್ಮಷ್ಟಕ್ಕೆ ನಿರ್ದುಷ್ಟವಾಗಿವೆ. ಕೂಡಿಸಿದಾಗ ಮಾತ್ರ 100 ಮಿ.ಮೀ. ಕೊರತೆ ಕಾಣುತ್ತದೆ. ಇದು ಕಾಗದದ ಮೇಲೆ ತಿಳಿದರೆ ಒಂದು ಗಳಿಗೆಯ ಕೆಲಸ. ಕಾಂಕ್ರೀಟು ಗಟ್ಟಿಯಾದ ಮೇಲೆ ತಿಳಿದರೆ ತೊಲೆಯನ್ನು ಕೊರೆಯಬೇಕು, ಇಲ್ಲವೆ ಛಾವಣಿಯನ್ನು ತಗ್ಗಿಸಬೇಕು. ತೊಲೆಯನ್ನು ಕೊರೆಯುವುದೆಂದರೆ ಕಟ್ಟಡದ ಬಲವನ್ನೇ ಕೊರೆಯುವುದು.

ಹಿಂದಿನವರು ಈ ಕೆಲಸವನ್ನು ಪಾರದರ್ಶಕವಾದ ಟ್ರೇಸಿಂಗ್ ಕಾಗದಗಳಿಂದ ಮಾಡುತ್ತಿದ್ದರು. ಒಂದರ ಮೇಲೊಂದನ್ನು ಹರಡಿ, ಕಂಬದ ಮೇಲೆ ಕಂಬ ಬರುವಂತೆ ಹೊಂದಿಸಿ, ಕೆಳಗಿನಿಂದ ಬೆಳಕನ್ನು ಹಾಯಿಸಿ ನೋಡುತ್ತಿದ್ದರು. ಇಂದು ನಕ್ಷೆಗಳು ಗಣಕಯಂತ್ರದಲ್ಲಿ ಮೂರು ಆಯಾಮಗಳ ಮಾದರಿಗಳಾಗಿ ಹುಟ್ಟುತ್ತವೆ. ಅವುಗಳನ್ನೆಲ್ಲ ಒಂದೇ ಕಡೆಗೆ ತಂದು ಕೂಡಿಸುವುದಕ್ಕೆ ಮಾದರಿ ಸಮನ್ವಯದ ತಂತ್ರಾಂಶಗಳಿವೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹುಟ್ಟಿ 2007ರಲ್ಲಿ ಆಟೊಡೆಸ್ಕ್ ಸಂಸ್ಥೆಯ ಕೈಸೇರಿದ ನ್ಯಾವಿಸ್‌ವರ್ಕ್ಸ್ ಎಂಬುದು ಅವುಗಳಲ್ಲಿ ಬಹಳ ಪ್ರಚಾರದಲ್ಲಿರುವಂಥದು. ಎರಡು ವಸ್ತುಗಳು ಒಂದೇ ಜಾಗವನ್ನು ಆಕ್ರಮಿಸಿದ್ದರೆ ಅದು ಹುಡುಕಿ ತೋರಿಸುತ್ತದೆ. ವೃತ್ತಿಯವರು ಇದನ್ನು ‘ಕ್ಲ್ಯಾಶ್’ ಎನ್ನುತ್ತಾರೆ. ನಾವು ಸಂಘಟ್ಟನೆ ಎಂದು ಕರೆಯೋಣ.

ನಕ್ಷೆಯ ರಫ್ತು

ಬರೆದ ತಂತ್ರಾಂಶದಿಂದ ಕೂಡಿಸುವ ತಂತ್ರಾಂಶಕ್ಕೆ ಮಾದರಿಯನ್ನು ಕಳಿಸುವುದಕ್ಕೆ ‘ಎಕ್ಸ್‌ಪೋರ್ಟ್’, ಎಂದರೆ ರಫ್ತು, ಎಂದು ಹೆಸರು. ರಫ್ತಾದ ಸರಕು ಮೂಲದ ಸರಕೇ ಆಗಿ ಉಳಿಯುವುದೆಂದು ತಿಳಿಯಬಾರದು. ಇದನ್ನು ಅರಿಯಲು ರಬಕವಿ-ಬನಹಟ್ಟಿಯಂಥ ನೇಕಾರಿಕೆಯ ಊರಿನವರಿಗೆ ಪರಿಚಿತವಾದ ಒಂದು ಹೋಲಿಕೆಯಿದೆ. ಫ್ರಾನ್ಸಿನ ಜಕಾರ್ಡನು 1804ರಲ್ಲಿ ರೂಪಿಸಿದ ಮಗ್ಗದಲ್ಲಿ ಸೀರೆಯ ಹೂವನ್ನು ಮೊದಲು ಚೌಕಳಿ ಕಾಗದದ ಮೇಲೆ ಬರೆಯುತ್ತಾರೆ. ಆಮೇಲೆ ಒಂದೊಂದು ಚೌಕವೂ ರಟ್ಟಿನ ಪಟ್ಟಿಯಲ್ಲಿ ಒಂದು ತೂತಾಗುತ್ತದೆ, ಇಲ್ಲವೆ ತೂತಿಲ್ಲದ ಜಾಗವಾಗುತ್ತದೆ. ಮಗ್ಗಕ್ಕೆ ಹೂವು ತಿಳಿಯದು. ಯಾವ ಎಳೆಯನ್ನು ಎತ್ತಬೇಕು, ಯಾವುದನ್ನು ಬಿಡಬೇಕು ಎಂಬುದಷ್ಟೇ ಅದಕ್ಕೆ ತಿಳಿದ ವಿಷಯ. ಮೊದಲನೆಯ ಎಳೆ ಯಾವುದೆಂಬುದರಲ್ಲಿ ತಪ್ಪಿದರೆ ಪಟ್ಟಿಯೆಲ್ಲ ಸರಿಯಿದ್ದೂ ಹೂವು ಅಂಚಿನಿಂದ ಜಾರುತ್ತದೆ.

ಕಟ್ಟಡದ ಮಾದರಿಯೂ ಹಾಗೆಯೇ. ರಫ್ತಿನ ಸಮಯದಲ್ಲಿ ಬಾಗಿದ ಮೈಗಳೆಲ್ಲ ಸಣ್ಣ ಸಣ್ಣ ತ್ರಿಕೋನಗಳ ಜೋಡಣೆಯಾಗಿ ಮಾರ್ಪಡುತ್ತವೆ. 300 ಮಿ.ಮೀ. ವ್ಯಾಸದ ದುಂಡು ಕೊಳವೆಯ ಬಾಯನ್ನು ವೃತ್ತದೊಳಗಿನ ಎಂಟು ಭುಜಗಳ ಆಕೃತಿಯಾಗಿ ಬರೆದರೆ, ಭುಜದ ನಡುಭಾಗವು ನಿಜವಾದ ವೃತ್ತಕ್ಕಿಂತ ಸುಮಾರು 11 ಮಿ.ಮೀ. ಒಳಗೆ ಸರಿಯುತ್ತದೆ. ಹನ್ನೆರಡು ಭುಜಗಳಾದರೆ ಈ ಅಂತರವು 5 ಮಿ.ಮೀ.ಗೆ ಇಳಿಯುತ್ತದೆ. ತ್ರಿಕೋನಮಿತಿಯನ್ನು ಕಲಿತ ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕಮಾಡಿ ನೋಡಬಹುದು. ಭುಜಗಳನ್ನು ಹೆಚ್ಚಿಸಿದಷ್ಟೂ ನಿಖರತೆ ಹೆಚ್ಚುತ್ತದೆ, ಆದರೆ ಕಡತವೂ ಹಿಗ್ಗುತ್ತದೆ. ಎಷ್ಟು ಸಾಕೆಂಬುದನ್ನು ಮನುಷ್ಯನೇ ನಿರ್ಣಯಿಸಬೇಕು.

ಮಾನದ ಪ್ರಶ್ನೆ

ಎರಡು ಮಾದರಿಗಳು ಸರಿಯಾಗಿ ಕೂಡಬೇಕಾದರೆ ನಾಲ್ಕು ವಿಷಯಗಳಲ್ಲಿ ಒಡಂಬಡಿಕೆಯಿರಬೇಕು: ಅಳತೆಯ ಮಾನ, ಮೂಲಬಿಂದು, ದಿಕ್ಕು ಮತ್ತು ಎತ್ತರ. ಭೌತವಿಜ್ಞಾನದಲ್ಲಿ ನಾವು ನಿರ್ದೇಶಚೌಕಟ್ಟು ಎಂದು ಕರೆಯುವುದು ಇದನ್ನೇ.

ಮೊದಲು ಮಾನವನ್ನು ನೋಡೋಣ. ನಕ್ಷೆಯ ಕಡತದಲ್ಲಿ ಒಂದು ಗೆರೆಯ ಉದ್ದವು 12 ಎಂಬ ಬರಿಯ ಸಂಖ್ಯೆಯಾಗಿ ಅಡಗಿರುತ್ತದೆ. ಅದು 12 ಮೀಟರೋ, 12 ಅಡಿಯೋ, 12 ಮಿಲಿಮೀಟರೋ ಎಂಬುದನ್ನು ಪ್ರತ್ಯೇಕವಾಗಿ ಹೇಳಿರಬೇಕು. ಹೇಳದಿದ್ದರೆ ಓದುವ ತಂತ್ರಾಂಶವು ತನ್ನ ಊಹೆಯನ್ನು ಹಾಕುತ್ತದೆ. ರೆವಿಟ್ ಎಂಬ ಪ್ರಸಿದ್ಧ ತಂತ್ರಾಂಶವು ತೆರೆಯ ಮೇಲೆ ಮಿಲಿಮೀಟರುಗಳನ್ನು ತೋರಿಸುತ್ತಿದ್ದರೂ ಒಳಗೊಳಗೆ ಉದ್ದಗಳನ್ನು ಅಡಿಗಳಲ್ಲಿಯೇ ಇಟ್ಟುಕೊಳ್ಳುತ್ತದೆ ಎಂದರೆ ಓದುಗರಿಗೆ ಆಶ್ಚರ್ಯವಾದೀತು.

ಅಡಿಯ ಗುರುತು ನಮ್ಮ ಪ್ರಾಂತದಲ್ಲಿಯೂ ಮರೆಯಾಗಿ ಕುಳಿತಿದೆ. ಆಲಮಟ್ಟಿ ಜಲಾಶಯದ ಎತ್ತರದ ವಿಚಾರ ಬಂದಾಗಲೆಲ್ಲ 524.256 ಮೀಟರು ಎಂಬ ಸಂಖ್ಯೆ ಕಿವಿಗೆ ಬೀಳುತ್ತದೆ. ಮೂರು ದಶಾಂಶ ಸ್ಥಾನಗಳ ಈ ಸೂಕ್ಷ್ಮತೆ ಏತಕ್ಕೆಂದು ಎಂದಾದರೂ ಯೋಚಿಸಿದ್ದೀರಾ? 1,720ನ್ನು 0.3048ರಿಂದ ಗುಣಿಸಿ ನೋಡಿರಿ. ಉತ್ತರ 524.256! ಎಂದರೆ ಅದು ಸರಿಯಾಗಿ 1,720 ಅಡಿ. ಮೀಟರಿನ ಉಡುಪನ್ನು ತೊಟ್ಟಿದೆ, ಅಷ್ಟೆ.

ಮಾನವು ತಪ್ಪಿದರೆ ಆಗುವ ಅನರ್ಥಕ್ಕೆ ಬಾಹ್ಯಾಕಾಶದಲ್ಲೊಂದು ಸಾಕ್ಷಿಯಿದೆ. 1999ರ ಸೆಪ್ಟೆಂಬರಿನಲ್ಲಿ ಅಮೆರಿಕೆಯ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆಯು ಮಂಗಳಗ್ರಹದ ಬಳಿಗೆ ಹೋಗಿ ನಾಶವಾಯಿತು. ನೂಕುಬಲದ ಪರಿಣಾಮವನ್ನು ಒಂದು ತಂತ್ರಾಂಶವು ಪೌಂಡುಗಳ ಮಾನದಲ್ಲಿ ಬರೆದಿತ್ತು. ಇನ್ನೊಂದು ಅದನ್ನೇ ನ್ಯೂಟನ್ನುಗಳೆಂದು ಓದಿತ್ತು. ಸಂಖ್ಯೆಗಳಲ್ಲಿ ದೋಷವಿರಲಿಲ್ಲ, ಅವುಗಳ ಹಿಂದಿನ ಒಡಂಬಡಿಕೆಯಲ್ಲಿತ್ತು.

ಸೊನ್ನೆ ಎಲ್ಲಿದೆ?

ಎರಡನೆಯದು ಮೂಲಬಿಂದು. ವಾಸ್ತುಶಿಲ್ಪಿಯು ಕಟ್ಟಡದ ಒಂದು ಮೂಲೆಯನ್ನು ಸೊನ್ನೆಯೆಂದು ಹಿಡಿದಿರಬಹುದು; ಎಂಜಿನಿಯರು ಕಂಬಗಳ ಎರಡು ಸಾಲುಗಳು ಕೂಡುವ ಜಾಗವನ್ನು ಹಿಡಿದಿರಬಹುದು. ನಿವೇಶನವನ್ನು ಅಳೆಯುವ ಸರ್ವೇಯರಿಗಾದರೋ ಸೊನ್ನೆಯು ಭೂಮಧ್ಯರೇಖೆಯ ಮೇಲಿರುತ್ತದೆ. ಅವರು ಬಳಸುವ ಅಂತರರಾಷ್ಟ್ರೀಯ ಜಾಲದಲ್ಲಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳೆಲ್ಲ 43ನೆಯ ವಲಯಕ್ಕೆ ಸೇರುತ್ತವೆ. ಜಮಖಂಡಿಯ ಉತ್ತರಾಂಕ ಸುಮಾರು 18,25,000 ಮೀಟರು. ಈ ಮೂವರ ಮಾದರಿಗಳನ್ನು ಹಾಗೆಹಾಗೆಯೇ ಕೂಡಿಸಿದರೆ ಒಂದು ಕಟ್ಟಡವು ತೆರೆಯ ನಡುವೆಯೂ, ಅದರ ನಿವೇಶನವು ಸಾವಿರಾರು ಕಿಲೋಮೀಟರು ದೂರದಲ್ಲಿಯೂ ಬಿದ್ದಿರುತ್ತದೆ.

ಹಾಗಿದ್ದರೆ ಎಲ್ಲರೂ ಸರ್ವೇಯರ ಸೊನ್ನೆಯನ್ನೇ ಹಿಡಿಯಬಾರದೇಕೆ ಎಂಬ ಸಂದೇಹ ಹುಟ್ಟಬಹುದು. ಇಲ್ಲಿ ಗಣಕಯಂತ್ರದ ಒಂದು ಸ್ವಭಾವವು ಅಡ್ಡಬರುತ್ತದೆ. ಚಿತ್ರಗಳನ್ನು ಮೂಡಿಸುವ ಯಂತ್ರಭಾಗವು ಸಾಮಾನ್ಯವಾಗಿ ಒಂದು ಸಂಖ್ಯೆಯನ್ನು 32 ಬಿಟ್ಟುಗಳಲ್ಲಿ ಬರೆದಿಡುತ್ತದೆ. ಈ ಪದ್ಧತಿಯಲ್ಲಿ 10,48,576 ಮತ್ತು 20,97,152ರ ನಡುವೆ 83,88,608 ಮೆಟ್ಟಿಲುಗಳು ಮಾತ್ರ ಇವೆ. ಭಾಗಿಸಿದರೆ ಒಂದು ಮೆಟ್ಟಿಲಿನ ಅಗಲ ಎಂಟನೆಯ ಒಂದು ಭಾಗ. ಜಮಖಂಡಿಯ ಉತ್ತರಾಂಕವು ಮೀಟರುಗಳಲ್ಲಿ ಈ ಮಿತಿಯೊಳಗೇ ಬೀಳುತ್ತದೆ. ಆದುದರಿಂದ ಕೊಳವೆಯೊಂದು ನಿಲ್ಲಬಹುದಾದ ಜಾಗಗಳು 125 ಮಿಲಿಮೀಟರಿಗೊಂದು! ನಡುವೆ ಇರಬೇಕಾದುದು ಹತ್ತಿರದ ಮೆಟ್ಟಿಲಿಗೆ ಜಿಗಿಯುತ್ತದೆ. ತೆರೆಯ ಮೇಲೆ ಗೆರೆಗಳು ನಡುಗುತ್ತವೆ, ಮೈಗಳು ಹರಿದಂತೆ ಕಾಣುತ್ತವೆ. ಸೊನ್ನೆಯ ಬಳಿಯಲ್ಲಾದರೋ ಇದೇ 32 ಬಿಟ್ಟುಗಳು ಕೂದಲಿಗಿಂತ ಸೂಕ್ಷ್ಮವಾದ ಅಂತರವನ್ನೂ ಹಿಡಿಯಬಲ್ಲವು.

ಇದಕ್ಕೆ ಪರಿಹಾರವೇನು? ಕಟ್ಟಡದ ಹತ್ತಿರದಲ್ಲಿಯೇ ಎಲ್ಲರಿಗೂ ಸಮಾನವಾದ ಒಂದು ಬಿಂದುವನ್ನು ಆರಿಸಿ ಅದನ್ನು ಸೊನ್ನೆಯೆಂದು ಒಪ್ಪಿಕೊಳ್ಳಬೇಕು. ಆ ಬಿಂದುವು ಭೂಮಿಯ ಮೇಲೆ ಎಲ್ಲಿದೆ ಎಂಬುದನ್ನು ಒಂದೇ ಒಂದು ಕಡೆಯಲ್ಲಿ ಬರೆದಿಡಬೇಕು. ರೆವಿಟ್ಟಿನಿಂದ ನ್ಯಾವಿಸ್‌ವರ್ಕ್ಸಿಗೆ ರಫ್ತುಮಾಡುವಾಗ ನಿರ್ದೇಶಾಂಕಗಳು ಹಂಚಿಕೊಂಡವೋ ಅಥವಾ ಆ ಕಡತದ ಒಳಗಿನವೋ ಎಂದು ಆರಿಸುವ ಅವಕಾಶವಿದೆ. ಒಂದು ತಂಡವು ಮೊದಲನೆಯದನ್ನೂ ಇನ್ನೊಂದು ಎರಡನೆಯದನ್ನೂ ಆರಿಸಿದರೆ, ಎಲ್ಲ ಎಚ್ಚರಿಕೆಯೂ ವ್ಯರ್ಥ.

ದಿಕ್ಕು ಮತ್ತು ಎತ್ತರ

ನಿವೇಶನವು ಓರೆಯಾಗಿದ್ದಾಗ ನಕ್ಷೆಕಾರರು ಕಟ್ಟಡವನ್ನು ಕಾಗದದ ಅಂಚಿಗೆ ನೇರವಾಗಿರುವಂತೆ ತಿರುಗಿಸಿ ಬರೆಯುತ್ತಾರೆ. ಆಗ ಕಾಗದದ ಉತ್ತರ ಒಂದು, ನಿಜವಾದ ಉತ್ತರ ಇನ್ನೊಂದು. ಈ ಕೋನದಲ್ಲಿ ಒಂದೇ ಡಿಗ್ರಿ ತಪ್ಪಿದರೂ 60 ಮೀಟರು ಉದ್ದದ ಕಟ್ಟಡದ ಕೊನೆಯು ಸುಮಾರು 1.05 ಮೀಟರು ಪಕ್ಕಕ್ಕೆ ಸರಿಯುತ್ತದೆ. ಒಂದು ಬಾಗಿಲಿನಷ್ಟು ಅಗಲ!

ಎತ್ತರದ ವಿಷಯವು ಇನ್ನೂ ನವಿರಾದುದು. ಜರ್ಮನಿ ಮತ್ತು ಸ್ವಿಟ್ಜರ್ಲೆಂಡುಗಳ ನಡುವೆ ಲೌಫೆನ್‌ಬುರ್ಗ್ ಎಂಬಲ್ಲಿ ರೈನ್ ನದಿಗೆ ಒಂದು ಸೇತುವೆಯನ್ನು ಕಟ್ಟುತ್ತಿದ್ದರು. ಸಮುದ್ರಮಟ್ಟವನ್ನು ಒಂದು ದೇಶವು ಉತ್ತರ ಸಮುದ್ರದಿಂದಲೂ ಇನ್ನೊಂದು ಮೆಡಿಟರೇನಿಯನ್ನಿನಿಂದಲೂ ಎಣಿಸುತ್ತಿದ್ದುದರಿಂದ ಎರಡಕ್ಕೂ 27 ಸೆಂಟಿಮೀಟರು ವ್ಯತ್ಯಾಸವಿತ್ತು. ಇದು ಎಂಜಿನಿಯರರಿಗೆ ತಿಳಿದೇ ಇತ್ತು. ಆದರೆ ತಿದ್ದುವಾಗ ಕೂಡುವ ಕಡೆಯಲ್ಲಿ ಕಳೆದುದರಿಂದ ವ್ಯತ್ಯಾಸವು ಅಳಿಯುವ ಬದಲು ಇಮ್ಮಡಿಸಿ, 54 ಸೆಂಟಿಮೀಟರಾಯಿತು. 2003ರಲ್ಲಿ ಇದು ಬೆಳಕಿಗೆ ಬಂದಿತು. ತಿದ್ದುವ ಹೆಚ್ಚುವರಿ ಕೆಲಸವು ಬಂದೊದಗಿತು.

ಎತ್ತರದ ಸೊನ್ನೆಯು ಎಷ್ಟು ಮುಖ್ಯವೆಂಬುದನ್ನು ಬೀಳಗಿಯ ಸೀಮೆಯ ಜನರಿಗೆ ಹೇಳಿಕೊಡಬೇಕಾಗಿಲ್ಲ. ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಆಲಮಟ್ಟಿಗೆ 519.6 ಮೀಟರಿನ ಮಟ್ಟವನ್ನು ಒಪ್ಪಿತು. 2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು 524.256 ಮೀಟರಿಗೆ ಅನುಮತಿ ನೀಡಿತು. ಇವೆರಡರ ನಡುವಣ ಅಂತರ 4.656 ಮೀಟರು. ಒಂದು ಮನೆಯ ನೆಲವು ಈ ಗೆರೆಗಿಂತ ಮೇಲಿದೆಯೋ ಕೆಳಗಿದೆಯೋ ಎಂಬುದರ ಮೇಲೆ ಒಂದು ಕುಟುಂಬದ ಬಾಳು ನಿಂತಿರುತ್ತದೆ. ಕಟ್ಟಡದ ನಕ್ಷೆಯಲ್ಲಾದರೋ ನೆಲಗಟ್ಟಿನ ಮಟ್ಟವನ್ನು 0.00 ಎಂದೇ ಬರೆಯುವ ರೂಢಿಯಿದೆ. ಆ ಸೊನ್ನೆಯು ಸಮುದ್ರಮಟ್ಟದಿಂದ ಎಷ್ಟು ಮೀಟರು ಎಂಬ ಒಂದು ಸಾಲನ್ನು ಬರೆಯದಿದ್ದರೆ, ಆ ನಕ್ಷೆಯನ್ನು ಜಲಾಶಯದ ಮಟ್ಟದೊಡನೆ ಹೋಲಿಸುವುದೇ ಅಸಾಧ್ಯ.

ಸಂಘಟ್ಟನೆಯಿಲ್ಲ ಎಂಬ ಉತ್ತರ

ಎಲ್ಲವನ್ನೂ ಕೂಡಿಸಿ ಪರೀಕ್ಷಿಸಿದ ಮೇಲೆ ಯಂತ್ರವು ‘ಸಂಘಟ್ಟನೆಗಳು: 0’ ಎಂದು ತೋರಿಸಿತೆನ್ನಿ. ಸಂತೋಷಪಡಬಹುದೇ? ಅವಸರ ಬೇಡ. ಕೊಳವೆಗಳ ಮಾದರಿಯು ಹತ್ತು ಕಿಲೋಮೀಟರು ದೂರದಲ್ಲಿ ಬಿದ್ದಿದ್ದರೆ ಅದು ಯಾವ ತೊಲೆಯನ್ನೂ ತಾಗಲಾರದು. ಆಗಲೂ ಉತ್ತರ ಸೊನ್ನೆಯೇ. ರಫ್ತಿನ ಹೊತ್ತಿನಲ್ಲಿ ಒಂದು ಭಾಗವನ್ನು ಮರೆಮಾಡಿದ್ದುದರಿಂದ ಅದು ಬಾರದೆಯೇ ಉಳಿದಿದ್ದರೂ ಉತ್ತರ ಸೊನ್ನೆಯೇ. ನಿರ್ದುಷ್ಟವಾದ ಕಟ್ಟಡಕ್ಕೂ ಎಂದೂ ಸೇರದ ನಕ್ಷೆಗಳಿಗೂ ಯಂತ್ರವು ಒಂದೇ ಪ್ರಶಂಸಾಪತ್ರವನ್ನು ಕೊಡುತ್ತದೆ. ಯಂತ್ರಕ್ಕೆ ಸಂಖ್ಯೆಗಳು ಗೊತ್ತು; ಅವು ಯಾವ ಸೊನ್ನೆಯಿಂದ ಎಣಿಸಿದವೆಂಬುದು ಗೊತ್ತಿಲ್ಲ.

ಆದಕಾರಣ ಅನುಭವಿಗಳು ಒಂದು ಸುಲಭವಾದ ಉಪಾಯವನ್ನು ಮಾಡುತ್ತಾರೆ. ಪ್ರತಿಯೊಂದು ತಂಡವೂ ತನ್ನ ಮಾದರಿಯಲ್ಲಿ, ಒಪ್ಪಿಕೊಂಡ ಒಂದೇ ಬಿಂದುವಿನ ಮೇಲೆ, ಒಂದೇ ಅಳತೆಯ ಗುರುತುಗಲ್ಲೊಂದನ್ನು ಇಟ್ಟು ರಫ್ತುಮಾಡುತ್ತದೆ. ಕೂಡಿಸಿದಾಗ ಕಲ್ಲುಗಳೆಲ್ಲ ಒಂದರೊಳಗೊಂದು ಐಕ್ಯವಾಗಿ ಒಂದೇ ಕಲ್ಲಿನಂತೆ ಕಾಣಬೇಕು. ಕಲ್ಲು ದೊಡ್ಡದಾಗಿದ್ದರೆ ಮಾನದ ತಪ್ಪು, ದೂರವಿದ್ದರೆ ಮೂಲಬಿಂದುವಿನ ತಪ್ಪು, ಓರೆಯಾಗಿದ್ದರೆ ದಿಕ್ಕಿನ ತಪ್ಪು, ಮೇಲೆ ಕೆಳಗೆ ಆಗಿದ್ದರೆ ಎತ್ತರದ ತಪ್ಪು. ಕಲ್ಲುಗಳು ಕೂಡಿದ ಮೇಲೆಯೇ ಸಂಘಟ್ಟನೆಯ ಪರೀಕ್ಷೆಗೆ ಅರ್ಥವುಂಟು.

ವಿದ್ಯಾರ್ಥಿಗಳು ಇದನ್ನು ಗಣಕಯಂತ್ರವಿಲ್ಲದೆಯೂ ಮಾಡಿನೋಡಬಹುದು. ಇಬ್ಬರು ಗೆಳೆಯರು ತಮ್ಮ ತರಗತಿಯ ಕೋಣೆಯನ್ನು ಬೇರೆ ಬೇರೆ ಮೂಲೆಗಳಿಂದ ಅಳೆಯಲಿ. ಒಬ್ಬರು ಬೆಂಚುಗಳನ್ನೂ ಇನ್ನೊಬ್ಬರು ಕಿಟಕಿ ಬಾಗಿಲುಗಳನ್ನೂ ಪಾರದರ್ಶಕ ಕಾಗದದ ಮೇಲೆ ಬರೆಯಲಿ. ಮಾತುಕತೆ ಮಾತ್ರ ಬೇಡ. ಎರಡು ಕಾಗದಗಳನ್ನೂ ಕಿಟಕಿಯ ಗಾಜಿಗೆ ಒತ್ತಿ ಬೆಳಕಿನಲ್ಲಿ ನೋಡಿದರೆ ಬೆಂಚೊಂದು ಬಾಗಿಲನ್ನು ಅಡ್ಡಗಟ್ಟಿಯೋ, ಗೋಡೆಯ ಹೊರಗೆ ನಿಂತೋ ಇರುವುದು ಕಾಣಬಹುದು. ಆಮೇಲೆ ಇಬ್ಬರೂ ಕುಳಿತು ಮೂಲೆ ಯಾವುದು, ಮಾನ ಯಾವುದು, ಉತ್ತರ ಯಾವ ಕಡೆಗೆ ಎಂಬುದನ್ನು ಗೊತ್ತುಮಾಡಿಕೊಂಡು ಮತ್ತೊಮ್ಮೆ ಬರೆಯಲಿ. ಎರಡನೆಯ ಸಲ ಬೆಂಚುಗಳು ತಮ್ಮ ಜಾಗಕ್ಕೆ ಬಂದು ನಿಲ್ಲುತ್ತವೆ.