‘ಪುಣ್ಯದ ಕೆಲಸ’ ಅಂತ ಹೊಗಳಿ ಸಂಬಳ ಮರೆಸೋದು: ವಿಕಲಚೇತನರ ಸಹಾಯಕರ ದುಡಿಮೆಗೆ ಲೆಕ್ಕ ಇಡುವವರು ಯಾರು?

ಬೆಳಗ್ಗೆ ಆರೂವರೆ ಅಂದುಕೊಳ್ಳಿ. ಬೆನ್ನುಹುರಿಗೆ ಪೆಟ್ಟು ಬಿದ್ದು ಎದೆಯಿಂದ ಕೆಳಗೆ ಸ್ಪರ್ಶವೂ ಇಲ್ಲದ, ಚಲನೆಯೂ ಇಲ್ಲದ ಒಬ್ಬರು ಒಂಬತ್ತಕ್ಕೆ ಆಫೀಸಿನಲ್ಲಿರಬೇಕು. ಅವರ ಸಹಾಯಕ ಮೊದಲು ನೋಡೋದು ಬೆನ್ನು, ಸೊಂಟ, ಹಿಮ್ಮಡಿ. ಎಲ್ಲಾದರೂ ಚರ್ಮ ಕೆಂಪಾಗಿದೆಯಾ ಅಂತ. ಕೆಂಪಾಗಿ, ಒತ್ತಿದರೂ ಬಣ್ಣ ಬದಲಾಗದಿದ್ದರೆ ಅದು ಹಾಸಿಗೆ ಹುಣ್ಣಿನ ಶುರು. ನೋವೇ ಗೊತ್ತಾಗದ ದೇಹದಲ್ಲಿ ಆ ಹುಣ್ಣು ಮೂಳೆವರೆಗೂ ಹೋಗಬಹುದು. ಆಮೇಲೆ ಕ್ಯಾತಿಟರ್ ಚೀಲ. ಟ್ಯೂಬು ಎಲ್ಲೋ ಮಡಚಿಕೊಂಡು ಮೂತ್ರ ಕಟ್ಟಿಕೊಂಡರೆ ಇಂಥವರಿಗೆ ಬಿಪಿ ದಿಢೀರ್ ಏರುತ್ತೆ, ತಲೆ ಸಿಡಿಯುತ್ತೆ, ಮುಖ ಬೆವರುತ್ತೆ. ಆ ಕ್ಷಣ ಅವರನ್ನು ಎಬ್ಬಿಸಿ ಕೂರಿಸಬೇಕು, ಟ್ಯೂಬು ಸರಿಮಾಡಬೇಕು. ತಡವಾದರೆ ಪಾರ್ಶ್ವವಾಯು, ಜೀವಕ್ಕೇ ಕುತ್ತು. ಇಷ್ಟಾದ ಮೇಲೆ ವೀಲ್‌ಚೇರನ್ನು ಮಂಚಕ್ಕೆ ಓರೆಯಾಗಿ ನಿಲ್ಲಿಸಿ, ಬ್ರೇಕ್ ಹಾಕಿ, ಕಾಲಿಡುವ ಪಟ್ಟಿ ತೆಗೆದು, ಒಂದು-ಎರಡು-ಮೂರು ಅಂತ ಇಬ್ಬರೂ ಒಟ್ಟಿಗೆ ಎಣಿಸಿ ದಾಟಿಸೋದು. ಸೊಂಟ ಬಗ್ಗಿಸಿ ಎತ್ತಿದರೆ ಸಹಾಯಕನ ಬೆನ್ನೂ ಹೋಯ್ತು.

ಇದನ್ನು ನಾವು ಏನಂತ ಕರೀತೀವಿ? ‘ನೋಡ್ಕೊಳ್ಳೋದು.’ ‘ನಿಮ್ಮದು ಪುಣ್ಯದ ಕೆಲಸ’ ಅಂತ ಸೇರಿಸ್ತೀವಿ. ಅಲ್ಲಿಗೆ ಸಂಬಳದ ಮಾತು ಮುಗೀತು.

ಕಾನೂನು ಏನನ್ನುತ್ತೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತೆ. ಹಾಗಾಗಿ ‘ಸಹಾಯ’ ಅನ್ನೋದು ಒಂದೇ ಕೆಲಸ ಅಲ್ಲ. ಸೆರೆಬ್ರಲ್ ಪಾಲ್ಸಿ ಇರುವವರಿಗೆ ಊಟ ಮಾಡಿಸುವಾಗ ನೆಟ್ಟಗೆ ಕೂರಿಸಿ, ಒಂದು ತುತ್ತು ನುಂಗಿದ್ದು ಖಾತ್ರಿಯಾದ ಮೇಲೇ ಇನ್ನೊಂದು ಕೊಡೋದು ಒಂದು ಕೌಶಲ. ಆಟಿಸಂ ಇರುವ ಹುಡುಗಿ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಕಿವಿ ಮುಚ್ಚಿಕೊಂಡು ಕೂತಾಗ ಗದರದೆ ಕಾಯೋದು ಮತ್ತೊಂದು. ಕೋರ್ಟಿನಲ್ಲಿ ಸನ್ನೆ ಭಾಷೆಗೆ ಅನುವಾದ ಮಾಡೋದು ಪೂರ್ತಿ ಬೇರೆಯದೇ ವಿದ್ಯೆ.

ಕಾಯ್ದೆಯಲ್ಲಿ ‘ಆರೈಕೆದಾರ’ ಅನ್ನೋ ಪದಕ್ಕೆ ವ್ಯಾಖ್ಯಾನ ಇದೆ: ತಂದೆತಾಯಿ, ಮನೆಯವರೂ ಸೇರಿದಂತೆ, ಹಣ ಪಡೆದೋ ಪಡೆಯದೆಯೋ ಆರೈಕೆ, ಬೆಂಬಲ, ನೆರವು ಕೊಡುವ ಯಾರೇ ಆಗಲಿ. ಹಗಲೂ ರಾತ್ರಿ ಮಗನನ್ನು ಎತ್ತಿ ಇಳಿಸುವ ತಾಯಿ, ಏಜೆನ್ಸಿಯಿಂದ ಬಂದ ಅಟೆಂಡರ್ ಇಬ್ಬರೂ ಇದರೊಳಗೆ ಬರ್ತಾರೆ. ಆದರೆ ಆ ಕೆಲಸಕ್ಕೆ ಕನಿಷ್ಠ ಎಷ್ಟು ಕೊಡಬೇಕು, ಎಷ್ಟು ಗಂಟೆ ದುಡಿಸಬಹುದು, ವಾರದ ರಜೆ ಇದೆಯಾ ಅನ್ನೋದರ ಬಗ್ಗೆ ಈ ಕಾಯ್ದೆ ಬಾಯಿ ಬಿಡೋದಿಲ್ಲ.

‘ಹೆಚ್ಚಿನ ಬೆಂಬಲ’ ಅನ್ನೋದಕ್ಕೂ ವ್ಯಾಖ್ಯಾನ ಇದೆ, ಅದು ನಿಜಕ್ಕೂ ಚೆನ್ನಾಗಿದೆ. ದಿನನಿತ್ಯದ ಕೆಲಸಕ್ಕೆ ಮಾತ್ರವಲ್ಲ, ಸ್ವತಂತ್ರವಾಗಿ, ತಿಳಿದು ನಿರ್ಧಾರ ತಗೊಳ್ಳೋದಕ್ಕೆ, ಓದೋದಕ್ಕೆ, ಉದ್ಯೋಗಕ್ಕೆ, ಸಮುದಾಯದ ಬದುಕಿನಲ್ಲಿ ಪಾಲ್ಗೊಳ್ಳೋದಕ್ಕೆ ಬೇಕಾದ ಬೆಂಬಲವೂ ಅದರಲ್ಲಿ ಸೇರಿದೆ. 40 ಶೇಕಡಾ ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಇರುವವರು ತಮಗೆ ಹೆಚ್ಚಿನ ಬೆಂಬಲ ಬೇಕು ಅಂತ 38ನೇ ಸೆಕ್ಷನ್ ಅಡಿ ಅರ್ಜಿ ಹಾಕಬಹುದು. ಮಂಡಳಿಯೊಂದು ಅದನ್ನು ಪರಿಶೀಲಿಸಬೇಕು. ಈ ಮೌಲ್ಯಮಾಪನ ಹೇಗೆ ನಡೀಬೇಕು ಅಂತ 2019ರಲ್ಲಿ ಕೇಂದ್ರ ನಿಯಮವನ್ನೂ ತಿದ್ದಿತು. ನಿಮ್ಮ ಪರಿಚಯದ ವಿಕಲಚೇತನರನ್ನು ಒಮ್ಮೆ ಕೇಳಿ ನೋಡಿ, 38ನೇ ಸೆಕ್ಷನ್ ಅಂತ ಒಂದಿದೆ ಅನ್ನೋದನ್ನು ಅವರಿಗೆ ಯಾರಾದರೂ ಹೇಳಿದ್ದಾರಾ ಅಂತ.

ಕೈ ನನ್ನದು, ನಿರ್ಧಾರ ಅವರದು

ಈ ಕೆಲಸದ ತಿರುಳು ಎತ್ತೋದು, ತೊಳೆಯೋದು, ತಿನ್ನಿಸೋದರಲ್ಲಿ ಇಲ್ಲ. ನನಗದು ಅರ್ಥವಾಗಿದ್ದು ಮುಜುಗರದ ಒಂದು ಪಾಠದಿಂದ. ಡಿಗ್ರಿ ಓದುವಾಗ ಕಣ್ಣು ಕಾಣದ ಗೆಳೆಯನಿಗೆ ಪರೀಕ್ಷೆ ಬರೆಯೋಕೆ ಕೂತಿದ್ದೆ. ಅವನು ಹೇಳಿದ ಒಂದು ಇಸವಿ ತಪ್ಪು ಅನ್ನಿಸಿ ನಾನೇ ‘ಸರಿ’ ಮಾಡಿ ಬರೆದೆ. ಹೊರಗೆ ಬಂದ ಮೇಲೆ ದೊಡ್ಡ ಉಪಕಾರ ಮಾಡಿದವನ ಹಾಗೆ ಹೇಳಿಯೂಬಿಟ್ಟೆ. ಅವನು ಸಿಟ್ಟಾದ. “ಪರೀಕ್ಷೆ ಬರೆದಿದ್ದು ನೀನಾ ನಾನಾ? ನಾನು ಫೇಲ್ ಆಗೋದಾದರೆ ನನ್ನ ತಪ್ಪಿಗೇ ಫೇಲ್ ಆಗ್ತೀನಿ ಮಾರಾಯ” ಅಂದ. ಪುಸ್ತಕ ತೆಗೆದು ನೋಡಿದರೆ ಅವನು ಹೇಳಿದ ಇಸವಿಯೇ ಸರಿ ಇತ್ತು.

ಅವನು ಹೇಳಿದ್ದು ಒಂದು ಚಳವಳಿಯ ಮೂಲ ಮಾತು. ಅಮೆರಿಕದ ಬರ್ಕ್ಲಿಯಲ್ಲಿ 1972ರಲ್ಲಿ ಎಡ್ ರಾಬರ್ಟ್ಸ್ ಮತ್ತು ಗೆಳೆಯರು ಸ್ವತಂತ್ರ ಬದುಕಿನ ಕೇಂದ್ರ ಕಟ್ಟಿದರು. ಪೋಲಿಯೊದಿಂದ ಕುತ್ತಿಗೆಯ ಕೆಳಗೆ ಚಲನೆ ಕಳೆದುಕೊಂಡಿದ್ದ ರಾಬರ್ಟ್ಸ್ ಬದುಕಿದ್ದೇ ಸಹಾಯಕರ ನೆರವಿನಿಂದ. ಆ ಚಳವಳಿ ಹೇಳಿದ್ದು ಇಷ್ಟು: ಸ್ವತಂತ್ರ ಅಂದರೆ ಎಲ್ಲವನ್ನೂ ಒಬ್ಬರೇ ಮಾಡಿಕೊಳ್ಳೋದಲ್ಲ. ಏನು, ಯಾವಾಗ, ಯಾರಿಂದ ಅಂತ ತಾವೇ ತೀರ್ಮಾನಿಸೋದು. ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯ 19ನೇ ವಿಧಿ ವೈಯಕ್ತಿಕ ಸಹಾಯವನ್ನು ಸಮುದಾಯದಲ್ಲಿ ಬದುಕುವ ಹಕ್ಕಿನ ಭಾಗ ಅಂತ ಒಪ್ಪುತ್ತೆ. ಭಾರತ 2007ರಲ್ಲೇ ಅದಕ್ಕೆ ಸಹಿ ಹಾಕಿ ಅಂಗೀಕರಿಸಿದೆ.

ಒಳ್ಳೆಯ ಸಹಾಯ ಹೇಗಿರುತ್ತೆ ಅಂತ ಒಂದೇ ಒಂದು ಉದಾಹರಣೆ ಕೊಡ್ತೀನಿ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಸುಪ್ರೀಂ ಕೋರ್ಟಿನ ಮುಂದೆ ಆನ್‌ಲೈನ್‌ನಲ್ಲಿ ಹಾಜರಾದರು. ಸನ್ನೆ ಭಾಷೆಯ ಅನುವಾದಕ ಸೌರವ್ ರಾಯ್‌ಚೌಧರಿ ಜೊತೆಗಿದ್ದರು. 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟಿನಲ್ಲೂ ಅವರು ಅನುವಾದಕರ ಮೂಲಕ ವಾದ ಮಂಡಿಸಿದರು. ವಾದ ವಕೀಲರದು. ಅನುವಾದಕರು ಅದಕ್ಕೆ ಒಂದು ಮಾತು ಸೇರಿಸೋ ಹಾಗಿಲ್ಲ, ಬಿಡೋ ಹಾಗೂ ಇಲ್ಲ. ಅದೇ ವೃತ್ತಿಪರತೆ. ವೀಲ್‌ಚೇರಿನಲ್ಲಿ ಕೂತವರನ್ನು ಬಿಟ್ಟು “ಇವರಿಗೆ ಏನು ಬೇಕಂತೆ?” ಅಂತ ತಳ್ಳುವವರನ್ನು ಕೇಳುವ ವೇಟರ್‌ಗೆ ಉತ್ತರ ಕೊಡದೆ ಸುಮ್ಮನಿರೋದೂ ಅದೇ.

ರಿಜಿಸ್ಟರಿನಲ್ಲಿ ಯಾರಿದ್ದಾರೆ, ಯಾರಿಲ್ಲ

1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತು ಇದೆ. ವಿಶೇಷ ಶಿಕ್ಷಕರು, ಶ್ರವಣ ತಜ್ಞರು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು, ಕೃತಕ ಕಾಲು ಮಾಡುವವರು ಹೀಗೆ ಹಲವು ವೃತ್ತಿಗಳನ್ನು ಅದು ನೋಂದಾಯಿಸುತ್ತೆ. ನೋಂದಣಿ ಇಲ್ಲದೆ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ ಸಾವಿರ ರೂಪಾಯಿ ದಂಡ. ಆದರೆ ಬೆಳಗ್ಗೆ ಆರೂವರೆಗೆ ಬೆನ್ನಿನ ಚರ್ಮ ನೋಡುವ ಮನುಷ್ಯ ಬಹುತೇಕ ಯಾವ ರಿಜಿಸ್ಟರಿನಲ್ಲೂ ಇಲ್ಲ. ಏಜೆನ್ಸಿಯೊಂದು ಅವನನ್ನು ‘ಪೇಷೆಂಟ್ ಕೇರ್’ ಅಂತ ಕಳಿಸುತ್ತೆ. ಹನ್ನೆರಡು ಗಂಟೆಯ ಪಾಳಿ, ಇಲ್ಲವೇ ಇಪ್ಪತ್ನಾಲ್ಕು ಗಂಟೆಯೂ ಅಲ್ಲೇ ವಾಸ. ಮನೆಯವರು ಕೊಡೋದರಲ್ಲಿ ಕಮಿಷನ್ ಕಳೆದು ಉಳಿದದ್ದು ಅವನಿಗೆ. ಹೆಣ್ಣುಮಕ್ಕಳಾದರೆ ಆರೈಕೆಯ ಜೊತೆಗೆ ‘ಹಾಗೇ ಸ್ವಲ್ಪ’ ಪಾತ್ರೆ, ಬಟ್ಟೆಯೂ ಸೇರಿಕೊಳ್ಳುತ್ತೆ. ಮಲಮೂತ್ರ ಮುಟ್ಟುವ ಕೆಲಸ ನಮ್ಮಲ್ಲಿ ಯಾವ ಜಾತಿಯವರ ಪಾಲಿಗೆ ಬರುತ್ತೆ ಅನ್ನೋದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ತರಬೇತಿಯ ಪ್ರಯತ್ನ ಆಗಿಲ್ಲ ಅಂತಲ್ಲ. ನ್ಯಾಷನಲ್ ಟ್ರಸ್ಟ್‌ಗೆ ‘ಸಹಯೋಗಿ’ ಅನ್ನೋ ಆರೈಕೆದಾರರ ತರಬೇತಿ ಯೋಜನೆ ಇದೆ. 2021ರ ಮೇ ತಿಂಗಳಲ್ಲಿ ಪುನರ್ವಸತಿ ಪರಿಷತ್ತು ಮೆಲ್ಬರ್ನ್ ವಿಶ್ವವಿದ್ಯಾಲಯದ ಜೊತೆ ಸೇರಿ ಆರು ತಿಂಗಳ ಕೋರ್ಸ್ ಶುರು ಮಾಡಿತು. ಮುಗಿಸಿದವರಿಗೆ ‘ದಿವ್ಯಾಂಗ ಮಿತ್ರ’ ಅನ್ನೋ ಹೆಸರು. ಉದ್ಘಾಟಿಸಿದ್ದು ಆಗಿನ ಕೇಂದ್ರ ಸಚಿವ ಥಾವರ್‌ಚಂದ್ ಗೆಹ್ಲೋಟ್. ಎರಡು ತಿಂಗಳಲ್ಲಿ ಅವರು ನಮ್ಮ ರಾಜ್ಯಪಾಲರಾಗಿ ಬಂದರು. ‘ಮಿತ್ರ’ ಅನ್ನೋ ಪದ ಗಮನಿಸಿ. ಮಿತ್ರನಿಗೆ ಯಾರು ಪಿಎಫ್ ಕಟ್ಟುತ್ತಾರೆ?

ಪಂಚಾಯಿತಿಯಲ್ಲಿ ಕೂತಿರುವ ವಿಆರ್‌ಡಬ್ಲ್ಯೂ

ಕರ್ನಾಟಕದಲ್ಲಿ ಈ ವಿಷಯ ಮಾತಾಡುವಾಗ ವಿಆರ್‌ಡಬ್ಲ್ಯೂಗಳನ್ನು ಬಿಟ್ಟರೆ ಅನ್ಯಾಯ ಆಗುತ್ತೆ. ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಪಟ್ಟಣದಲ್ಲಿ ಯುಆರ್‌ಡಬ್ಲ್ಯೂ, ತಾಲ್ಲೂಕಿಗೆ ವಿವಿಧೋದ್ದೇಶ ಕಾರ್ಯಕರ್ತ. ವಿಶೇಷ ಏನೆಂದರೆ ಈ ಕಾರ್ಯಕರ್ತರೂ ವಿಕಲಚೇತನರೇ. ಊರಿನಲ್ಲಿ ಯಾರಿಗೆ ಯುಡಿಐಡಿ ಕಾರ್ಡ್ ಆಗಿಲ್ಲ, ಯಾರ ಪಿಂಚಣಿ ನಿಂತಿದೆ, ಯಾರಿಗೆ ತ್ರಿಚಕ್ರ ಬೇಕು, ಯಾವ ಮಗುವನ್ನು ಮನೆಯೊಳಗೇ ಇಟ್ಟಿದ್ದಾರೆ ಅನ್ನೋದು ಇವರಿಗೆ ಗೊತ್ತು. ಊರುಗೋಲು ಹಿಡಿದು ಹಳ್ಳಿಯಿಂದ ಹಳ್ಳಿಗೆ ಹೋಗ್ತಾರೆ. ಚುನಾವಣೆ ಬಂದರೆ ವಿಕಲಚೇತನ ಮತದಾರರನ್ನು ಮತಗಟ್ಟೆಗೆ ಕರೆತರುವ ಜವಾಬ್ದಾರಿಯೂ ಬರುತ್ತೆ.

ಇವರಿಗೆ ಸಿಗೋದು ಸಂಬಳ ಅಲ್ಲ, ‘ಗೌರವಧನ’. ಗ್ರಾಮ ಮಟ್ಟದವರಿಗೆ ವರ್ಷಗಟ್ಟಲೆ ಅದು ನಾಲ್ಕಂಕಿ ದಾಟಲೇ ಇಲ್ಲ. ಗೌರವಧನ ಅಂದುಬಿಟ್ಟರೆ ಕನಿಷ್ಠ ವೇತನದ ಪ್ರಶ್ನೆ ಬರೋದಿಲ್ಲ, ಕಾಯಂಗೊಳಿಸುವ ಪ್ರಶ್ನೆಯೂ ಇಲ್ಲ. ಆಶಾ, ಅಂಗನವಾಡಿ, ಬಿಸಿಯೂಟದ ಅಕ್ಕಂದಿರ ಹೋರಾಟ ನೋಡಿದವರಿಗೆ ಈ ಜಾಣತನ ಹೊಸದಲ್ಲ. ವಿಕಲಚೇತನರ ಸಬಲೀಕರಣಕ್ಕೆ ಅಂತಲೇ ಇರುವ ಇಲಾಖೆ ಸಾವಿರಾರು ವಿಕಲಚೇತನರನ್ನು ಹೀಗೆ ದುಡಿಸಿಕೊಂಡಿದೆ ಅನ್ನೋದು ಮಾತ್ರ ಬೇರೆಯೇ ಬಗೆಯ ವ್ಯಂಗ್ಯ.

ದಿನಕ್ಕೆ ಮೂವತ್ತಮೂರು ರೂಪಾಯಿ

ಹಾಗಾದರೆ ಮನೆಯವರೇ ನೋಡಿಕೊಂಡರೆ? 24ನೇ ಸೆಕ್ಷನ್ ಪ್ರಕಾರ, ಹೆಚ್ಚಿನ ಬೆಂಬಲ ಬೇಕಾದವರಿಗೆ ಸರ್ಕಾರ ಆರೈಕೆದಾರರ ಭತ್ಯೆ ಕೊಡುವ ಯೋಜನೆ ಮಾಡಬೇಕು. ಆದರೆ ‘ತನ್ನ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಅನ್ನೋ ಒಕ್ಕಣೆ ಅದೇ ಸೆಕ್ಷನ್ನಿನ ಮೊದಲಲ್ಲೇ ಇದೆ. ಕೇರಳದ ‘ಆಶ್ವಾಸಕಿರಣಂ’ ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿ. ಕರ್ನಾಟಕ 2024-25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ಘೋಷಿಸಿತು. ದಿನಕ್ಕೆ 33 ರೂಪಾಯಿ. ಏನೂ ಇಲ್ಲದಿರೋದಕ್ಕಿಂತ ವಾಸಿ, ಒಪ್ಪೋಣ. ಬೆನ್ನುಹುರಿ ಪೆಟ್ಟಾದವರು ಈ ಪಟ್ಟಿಯಲ್ಲಿ ಯಾಕಿಲ್ಲ, ತೀವ್ರ ಬೌದ್ಧಿಕ ವೈಕಲ್ಯದವರು ಯಾಕಿಲ್ಲ ಅಂತ ಕೇಳಲೇಬೇಕು. ಬೆಂಬಲದ ಅಗತ್ಯ ಕಾಯಿಲೆಯ ಹೆಸರಿನಿಂದ ತೀರ್ಮಾನ ಆಗೋದಲ್ಲ. ಅದಕ್ಕೇ ಅಲ್ಲವಾ 38ನೇ ಸೆಕ್ಷನ್ ಇರೋದು?

ಇಲ್ಲೊಂದು ಇಕ್ಕಟ್ಟು ಇದೆ, ಅದನ್ನು ಮುಚ್ಚಿಡಬಾರದು. ಸಹಾಯಕರಿಗೆ ನ್ಯಾಯವಾದ ಕೂಲಿ ಕೊಡಿ ಅಂದರೆ, ಪಿಂಚಣಿಯಲ್ಲಿ ಬದುಕುವ ವಿಕಲಚೇತನರು ಎಲ್ಲಿಂದ ತರಬೇಕು? ಕೂಲಿ ಕಡಿಮೆ ಇಟ್ಟರೆ ಸಹಾಯಕ ಮೂರು ತಿಂಗಳಿಗೆ ಬಿಟ್ಟು ಹೋಗ್ತಾನೆ, ಹೊಸಬನಿಗೆ ಮತ್ತೆ ತನ್ನ ದೇಹವನ್ನು ಮೊದಲಿಂದ ಕಲಿಸಬೇಕು. ಅಧಿಕಾರದ ಪ್ರಶ್ನೆಯೂ ಎರಡು ಕಡೆಯದು. ಸ್ನಾನದ ಮನೆಯ ಬಾಗಿಲು ಹಾಕಿದ ಮೇಲೆ ಪೂರ್ತಿ ಇನ್ನೊಬ್ಬರ ಕೈಯಲ್ಲಿರುವವರಿಗೆ ದೌರ್ಜನ್ಯದ ಭಯ ಇದೆ. ತನ್ನ ಹಿಡಿತದಲ್ಲಿರುವ ವಿಕಲಚೇತನರಿಗೆ ಬೇಕೆಂದೇ ಊಟ, ನೀರು ಕೊಡದಿದ್ದರೆ 92ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ಅತ್ತ ಅದೇ ಮನೆಯಲ್ಲಿ ರಾತ್ರಿ ತಂಗುವ ಅಟೆಂಡರ್ ಹುಡುಗಿಗೂ ರಕ್ಷಣೆ ಬೇಕು.

ಇವರಿಬ್ಬರನ್ನು ಎದುರುಬದುರು ನಿಲ್ಲಿಸಿ ಜಗಳ ಹಚ್ಚೋದು ಸುಲಭ. ಬಿಲ್ಲು ಯಾರ ಹೆಸರಿಗೆ ಬರಬೇಕು ಅನ್ನೋದನ್ನು ಕೇಳಿದರೆ ಮಾತ್ರ ಗಂಟು ಬಿಚ್ಚುತ್ತೆ. ಸ್ವೀಡನ್‌ನಲ್ಲಿ 1994ರಲ್ಲಿ ಜಾರಿಯಾದ ಕಾನೂನು ತೀವ್ರ ವೈಕಲ್ಯ ಇರುವವರಿಗೆ ವೈಯಕ್ತಿಕ ಸಹಾಯಕರನ್ನು ಹಕ್ಕಾಗಿ ಕೊಟ್ಟಿತು. ಗಂಟೆಗಳ ಲೆಕ್ಕದಲ್ಲಿ ಹಣ ಸಾರ್ವಜನಿಕ ಖಜಾನೆಯಿಂದ, ಸಹಾಯಕರ ಆಯ್ಕೆ ಬಳಸುವವರದು. ಅಲ್ಲೂ ಗಂಟೆ ಕಡಿತದ ವಿರುದ್ಧ ವಿಕಲಚೇತನರು ಬೀದಿಗಿಳಿದಿದ್ದಾರೆ, ಸ್ವರ್ಗವೇನಲ್ಲ. ನಾವು ಅಷ್ಟು ಶ್ರೀಮಂತರಲ್ಲ ಅನ್ನೋ ಉತ್ತರ ತಕ್ಷಣ ಬರುತ್ತೆ, ಗೊತ್ತು. ಆದರೆ ನಮ್ಮ ಗ್ರಾಮ ಪಂಚಾಯಿತಿಗಳು ಸ್ವಂತ ಆದಾಯದ ಶೇ. 5ರಷ್ಟನ್ನು ವಿಕಲಚೇತನರಿಗಾಗಿ ತೆಗೆದಿಡಬೇಕು ಅನ್ನೋ ನಿಯಮ ಈಗಾಗಲೇ ಇದೆ. ಅದರಲ್ಲಿ ಎಷ್ಟು ಖರ್ಚಾಯ್ತು, ಯಾವುದಕ್ಕೆ ಅಂತ ಗ್ರಾಮಸಭೆಯಲ್ಲಿ ಎದ್ದು ಕೇಳೋಕೆ ಖರ್ಚೇನೂ ಇಲ್ಲ. ಕೇಳುವ ಮುಂಚೆ ನಿಮ್ಮ ಊರಿನ ವಿಆರ್‌ಡಬ್ಲ್ಯೂ ಜೊತೆ ಕೂತು ಮಾತಾಡಿ. ಲೆಕ್ಕ ಅವರ ಹತ್ತಿರ ಇರುತ್ತೆ.

ಅಂದ ಹಾಗೆ, ನನ್ನ ಗೆಳೆಯ ಈಗ ಬ್ಯಾಂಕೊಂದರಲ್ಲಿ ಅಧಿಕಾರಿ. ಸ್ಕ್ರೀನ್ ರೀಡರ್ ಓದದ ಕೈಬರಹದ ಕಾಗದ, ಸೀಲು, ಸಹಿ ನೋಡೋದಕ್ಕೆ ಒಬ್ಬ ಹುಡುಗನನ್ನು ಇಟ್ಟುಕೊಂಡು ತನ್ನ ಸಂಬಳದಿಂದಲೇ ಕೊಡ್ತಾನೆ. ವಿಕಲಚೇತನರಿಗೆ ಆದಾಯ ತೆರಿಗೆಯಲ್ಲಿ ಸಿಗುತ್ತಿದ್ದ 80ಯು ವಿನಾಯಿತಿ ಹೊಸ ತೆರಿಗೆ ಪದ್ಧತಿಯಲ್ಲಿ ಇಲ್ಲ. ಕಳೆದ ಸಲ ಸಿಕ್ಕಾಗ ಆ ಹುಡುಗನಿಗೆ ಈ ವರ್ಷ ಎರಡು ಸಾವಿರ ಹೆಚ್ಚು ಮಾಡಿದೆ ಅಂದ. ಹುಡುಗ ತಾನಾಗೇ ಕೇಳಿದನಂತೆ. “ಕೇಳಿದ್ದು ಸರಿ ಇತ್ತು” ಅಂತ ಇವನು ಹೇಳಿದ.