ಮಿನಿ ಕೂಪರ್ ಎಸ್: ಮೂರು ಎಂಜಿನುಗಳ ಗುರುತು

ಹೊರನೋಟಕ್ಕೆ ಒಂದೇ ಬಗೆಯಾಗಿ ತೋರುವ ಮೂರು ಎಂಜಿನುಗಳಲ್ಲಿ ಯಾವುದು ಯಾವುದೆಂದು ನಿರ್ಣಯಿಸುವುದು ಹೇಗೆ? ಇದನ್ನು ಇಂಗ್ಲೆಂಡಿನ ಒಂದು ಪುಟ್ಟ ಕಾರಿನ ನಿದರ್ಶನದಿಂದ ವಿಚಾರಿಸೋಣ.

ಅಲೆಕ್ ಇಸಿಗೋನಿಸ್ ಅವರು ರೂಪಿಸಿದ ಮಿನಿ ಕಾರು 1959ರಲ್ಲಿ ಮಾರುಕಟ್ಟೆಗೆ ಬಂದಿತು. ಅದರ ಎಂಜಿನಿನ ಗಾತ್ರ 848 ಘನ ಸೆಂಟಿಮೀಟರು. ಪಂದ್ಯದ ಕಾರುಗಳ ನಿರ್ಮಾಪಕ ಜಾನ್ ಕೂಪರ್ ಅವರ ಸಹಯೋಗದಿಂದ 1961ರಲ್ಲಿ ಮಿನಿ ಕೂಪರ್, 1963ರಲ್ಲಿ ಇನ್ನೂ ಬಲವುಳ್ಳ ಕೂಪರ್ ಎಸ್ ಹುಟ್ಟಿದವು. ಮೊದಲ ಎಸ್ ಎಂಜಿನಿನ ಗಾತ್ರ 1071. 1964ರಲ್ಲಿ 970 ಮತ್ತು 1275 ಘನ ಸೆಂಟಿಮೀಟರಿನವು ಅದರ ಜೊತೆಗೂಡಿದವು. ಪಂದ್ಯಗಳಲ್ಲಿ ಕಾರುಗಳನ್ನು 1000, 1100, 1300 ಎಂದು ವರ್ಗ ಮಾಡುತ್ತಿದ್ದುದೇ ಇದಕ್ಕೆ ಕಾರಣ. 1964ರ ಮಾಂಟೆ ಕಾರ್ಲೊ ರ್‍ಯಾಲಿಯಲ್ಲಿ ಪ್ಯಾಡಿ ಹಾಪ್‌ಕರ್ಕ್ ಗೆದ್ದದ್ದು 1071ರ ಕಾರಿನಿಂದ.

ಈ ಮೂರರಲ್ಲಿಯೂ ಸಿಲಿಂಡರಿನ ವ್ಯಾಸ ಒಂದೇ, ಸುಮಾರು 70.6 ಮಿಲಿಮೀಟರು. ಭೇದವಿರುವುದು ಪಿಸ್ಟನ್ನು ಮೇಲಿಂದ ಕೆಳಕ್ಕೆ ಚಲಿಸುವ ದೂರದಲ್ಲಿ: 970ರಲ್ಲಿ 61.9, 1071ರಲ್ಲಿ 68.3, 1275ರಲ್ಲಿ 81.3 ಮಿಲಿಮೀಟರು. ಸಿಲಿಂಡರಿನ ಅಡ್ಡಕೊಯ್ತದ ವಿಸ್ತೀರ್ಣ 39.15 ಚದರ ಸೆಂಟಿಮೀಟರಾಗುತ್ತದೆ. ಇದನ್ನು 6.19 ಸೆಂಟಿಮೀಟರಿನಿಂದಲೂ, ಸಿಲಿಂಡರುಗಳು ನಾಲ್ಕಾದುದರಿಂದ ನಾಲ್ಕರಿಂದಲೂ ಗುಣಿಸಿದರೆ ಸುಮಾರು 969 ಬರುತ್ತದೆ. ಅಳತೆಗಳನ್ನು ಸಂಕ್ಷೇಪಿಸಿದುದರಿಂದ ಅಲ್ಪ ವ್ಯತ್ಯಾಸ ಉಳಿಯಿತು.

ಚಲನದೂರ ಕಡಿಮೆಯಾದಷ್ಟೂ ಎಂಜಿನು ಹೆಚ್ಚು ವೇಗವಾಗಿ ಸುತ್ತಬಲ್ಲದು. ನಿಮಿಷಕ್ಕೆ 6000 ಸುತ್ತು ತಿರುಗುವಾಗ 970ರ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 12.4 ಮೀಟರು, 1275ರದು 16.3 ಮೀಟರು. ಆ ವೇಗದಲ್ಲಿ 1275ರ ಪಿಸ್ಟನ್ನು, ಸಂಯೋಜಕ ದಂಡಗಳ ಮೇಲೆ ಬೀಳುವ ಶ್ರಮ ಹೆಚ್ಚು.

ಈಗ ಪರೀಕ್ಷೆಗೆ ಬರೋಣ. ಎಂಜಿನಿಗೆ ರಿವೆಟ್ ಮಾಡಿದ ಸಂಖ್ಯಾಫಲಕವೇ ಮೊದಲ ಸಾಕ್ಷಿ. ಆದರೆ ಫಲಕವನ್ನು ಕಿತ್ತು ಮತ್ತೊಂದಕ್ಕೆ ಹಾಕಬಹುದು. ಹಳೆಯ ಎಸ್ ಕಾರುಗಳಿಗೆ ಬೆಲೆ ಬಹಳವಾದುದರಿಂದ ಈ ಆಶೆಯೂ ಇಲ್ಲದಿಲ್ಲ. ಎರಡನೆಯ ಸಾಕ್ಷಿ ಸಿಲಿಂಡರ್ ತಲೆಯ ಬಂಧನಗಳು: ಸಾಮಾನ್ಯ ಎಂಜಿನಿನಲ್ಲಿ 9, ಎಸ್‌ನಲ್ಲಿ 11. ಇದು ಎಸ್ ವಂಶವನ್ನು ಸೂಚಿಸುತ್ತದೆಯೇ ಹೊರತು ಮೂವರಲ್ಲಿ ಯಾರೆಂಬುದನ್ನಲ್ಲ. ಮೇಲಾಗಿ, ಹೆಚ್ಚಿನ ರಂಧ್ರಗಳನ್ನು ಅನಂತರ ಕೊರೆಯುವುದೂ ಉಂಟು.

ವ್ಯಾಸವನ್ನಳೆದರೆ ಸಾಲದೆ? ಸಾಲದು. ಸವೆದ ಸಿಲಿಂಡರುಗಳನ್ನು ರಿಪೇರಿಯಲ್ಲಿ ಅಗಲಿಸುವುದು ವಾಡಿಕೆ. ಅರ್ಧ ಮಿಲಿಮೀಟರು ಅಗಲಿಸಿದ 970ರ ನಿಜಗಾತ್ರ ಸುಮಾರು 983 ಆಗುತ್ತದೆ. ಆದರೆ ಅಗಲಿಸುವಿಕೆಯಿಂದ ಚಲನದೂರ ಬದಲಾಗದು. ಅದನ್ನು ನಿಯಮಿಸುವುದು ಕ್ರಾಂಕುದಂಡ. ಆದುದರಿಂದ ತಲೆಯನ್ನು ಬಿಚ್ಚಿ, ದಂಡವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ, ಪಿಸ್ಟನ್ನು ತುತ್ತತುದಿಯಲ್ಲಿದ್ದಾಗಲೂ ತೀರ ತಳದಲ್ಲಿದ್ದಾಗಲೂ ಬ್ಲಾಕಿನ ಮೇಲ್ಮೈಯಿಂದ ಅದರ ಆಳವನ್ನು ಅಳೆಯಬೇಕು. ಎರಡರ ಅಂತರವೇ ಚಲನದೂರ.

ಕ್ರಾಂಕುದಂಡವನ್ನೇ ಬದಲಾಯಿಸಿದ್ದರೆ? ಆಗ ಬ್ಲಾಕಿನ ಎತ್ತರ ನೆರವಾಗುತ್ತದೆ. 1275ರ ಬ್ಲಾಕು ಉಳಿದೆರಡಕ್ಕಿಂತ ಎತ್ತರ. ಚಲನದೂರ, ಎತ್ತರ, ಬಂಧನಗಳು, ಫಲಕ ಇವು ನಾಲ್ಕೂ ಒಂದನ್ನೇ ನುಡಿದಾಗ ನಿರ್ಣಯ ದೃಢವಾಗುತ್ತದೆ. ಒಂದು ಬೇರೆ ನುಡಿದರೆ, ಎಂಜಿನಿನ ಯಾವುದೋ ಭಾಗ ಬದಲಾಗಿದೆಯೆಂದು ತಿಳಿದು ಪರೀಕ್ಷೆಯನ್ನು ಮುಂದುವರಿಸಬೇಕು.